ರೆಕ್ಕೆಯ ಅಂಚಿನ ರಬ್ಬರ್

ಫೋರ್ಟ್‌ನಲ್ಲಿ ಉಡುಪಿ ಹೋಟೆಲ್ ನಡೆಸುವ ನನ್ನ ಭಾವ ಕಳೆದ ಮೇ ತಿಂಗಳಲ್ಲಿ ಬೆಳಗಾವಿಯ ಮದುವೆಗೆ ಹೊರಟಿದ್ದರು. ನಾನು ಟಿಕೆಟ್ ಮಾಡಿದ್ದು ರೆಕ್ಕೆಗೆ ಫ್ಯಾನ್ ಇರುವ ಸಣ್ಣ ವಿಮಾನಕ್ಕೆ ಎಂದು ಗೊತ್ತಾದದ್ದೇ ತಡ, ತಕರಾರು ಶುರುವಾಯಿತು.

“ಅದು ಬೇಡ ಮಾರಾಯ. ಮೋಡದೊಳಗೆ ಹೋದ್ರೆ ಅದರ ರೆಕ್ಕೆಗೆ ಐಸ್ ಕಟ್ತದಂತೆ. ಮೊಬೈಲಲ್ಲಿ ನೋಡಿದ್ದೇನೆ.”

ನನಗೆ ರೇಗಿತು. ಸಾಂತಾಕ್ರೂಜ್‌ನ ಹ್ಯಾಂಗರಿನಲ್ಲಿ ಅಂಥ ವಿಮಾನಗಳನ್ನೇ ರಿಪೇರಿ ಮಾಡುತ್ತ ನಿವೃತ್ತನಾದವನು ನಾನು. ಐಸ್ ಕಟ್ಟುವುದು ಸುಳ್ಳಲ್ಲ, ಅದು ಅಪಾಯವೂ ಹೌದು. ಅದಕ್ಕೆಂದೇ ರೆಕ್ಕೆಯ ಮುಂದಿನ ಅಂಚಿಗೆ ಕಪ್ಪು ರಬ್ಬರ್ ಅಂಟಿಸಿರುತ್ತಾರೆ. ಪೈಲಟ್ ಗುಂಡಿ ಒತ್ತಿದರೆ ಅದು ಗಾಳಿ ತುಂಬಿ ಉಬ್ಬುತ್ತದೆ, ಐಸ್ ಒಡೆದು ಉದುರುತ್ತದೆ. ಆ ರಬ್ಬರಿಗೆ ನಾನು ಹಾಕಿದ ತೇಪೆಗಳೆಷ್ಟೋ!

ಇದನ್ನೆಲ್ಲ ಹೇಳಿದ್ದಕ್ಕೆ ಭಾವ ನನ್ನನ್ನು ಹೋಟೆಲಿನ ಅಡುಗೆಮನೆಗೆ ಕರೆದೊಯ್ದರು. ಅಲ್ಲಿ ಅಡುಗೆ ಭಟ್ಟರು ಫ್ರೀಜರಿನಲ್ಲಿ ಗಟ್ಟಿಯಾದ ಐಸನ್ನು ದೋಸೆಯ ಸಟ್ಟುಗದಿಂದ ಕುಟ್ಟುತ್ತಿದ್ದರು. ಪ್ರತಿ ಸೋಮವಾರವೂ ಅವರಿಗೆ ಅದೇ ಕೆಲಸ.

“ಇದಕ್ಕೂ ಒಂದು ರಬ್ಬರ್ ಹಾಕಿ ಕೊಡು, ಆಮೇಲೆ ನಂಬ್ತೇನೆ” ಎಂದರು. ಆದರೂ ಹೊರಟರು.

ಬೆಳಗಾವಿಯಲ್ಲಿ ಇಳಿದ ಕೂಡಲೇ ಅವರ ಫೋನ್ ಬಂತು. ದನಿಯಲ್ಲಿ ಸಿಟ್ಟು.

“ಕಿಟಕಿ ಪಕ್ಕ ಕೂತು ರೆಕ್ಕೆಯನ್ನೇ ನೋಡ್ತಾ ಬಂದೆ. ನಿನ್ನ ರಬ್ಬರ್ ಒಂದು ಸಲವೂ ಉಬ್ಬಲಿಲ್ಲ!”

“ಐಸ್ ಇದ್ರೆ ತಾನೇ ಉಬ್ಬೋದು ಭಾವ? ದಾರಿಯುದ್ದಕ್ಕೂ ಬಿಸಿಲಲ್ವಾ?”



“ಹಾಗಾದ್ರೆ ವಾಪಸ್ ಬರುವುದಕ್ಕೂ ಅದರಲ್ಲೇ ಟಿಕೆಟ್ ಮಾಡು. ಒಳ್ಳೆ ಮೋಡ ಇರುವ ದಿನ ನೋಡಿ ಮಾಡು, ಮಾರಾಯ.”