ತಂಗಿಯ ಕಂಪ್ಯೂಟರಿನಿಂದ ತೆಗೆದದ್ದು

ನಾನು ಓದಿದ್ದು ಎಂಟನೆಯ ಇಯತ್ತೆಯವರೆಗೆ. ಅಕ್ಕಿಆಲೂರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತ, ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ನೋಡಿನೋಡಿಯೇ ಕಲಿತೆ. ಹಾನಗಲ್ಲಿನ ನಮ್ಮ ಮನೆಯಲ್ಲಿ ತಂಗಿ ಆಟ ಆಡುವ ಕಂಪ್ಯೂಟರನ್ನು ಹಿರೇಕೆರೂರಿನ ಒಬ್ಬನಿಂದ ಹಳೆಯದು ಕೊಂಡು ತಂದವನೂ ನಾನೇ.

ಅವಳಿಗೆ ಅದು ಬರೀ ಆಟವಾಗಿರಲಿಲ್ಲ. ಚಿಕೂನ್‌ಗುನ್ಯ ಬಂದು ಹೋದ ಮೇಲೆ ಬೆರಳ ಕೀಲುಗಳು ಬಿಗಿದುಕೊಂಡು ಟೈಪಿಂಗ್ ಕ್ಲಾಸು ಬಿಟ್ಟಿದ್ದಳು. ದಿನಾ ಸಂಜೆ ಗೆಳತಿಯರ ಜೊತೆ ಕಾರು ಓಡಿಸುವ ಆಟ ಆಡುತ್ತ ಆಡುತ್ತ ಬೆರಳು ಸಡಿಲಾಗತೊಡಗಿದ್ದವು. "ಅವ್ವಾ, ಇವತ್ತ ಮೂರನೇ ನಂಬರ್ ಬಂದೆ!" ಎಂದು ಅಡುಗೆಮನೆಗೆ ಕೇಳುವಂತೆ ಕೂಗುತ್ತಿದ್ದಳು. ಇನ್ನೊಂದು ತಿಂಗಳಿಗೆ ಮತ್ತೆ ಕ್ಲಾಸಿಗೆ ಹೋಗುವೆನೆಂದಿದ್ದಳು.

ಅದೇ ಹೊತ್ತಿಗೆ ಅಂಗಡಿಯ ಕಂಪ್ಯೂಟರ್ ತೆವಳತೊಡಗಿತು. ಹಾಲ್ ಟಿಕೆಟ್ ತೆಗೆಸಲು ಬಂದವರ ಸಾಲು ರಸ್ತೆಗೆ ಇಳಿದಿತ್ತು. ಮಾಲೀಕರು ನನ್ನ ಮುಖ ನೋಡಿದರು. "ನಾಳಿಗೆ ಸರಿ ಮಾಡ್ತೇನ್ರಿ" ಎಂದೆ. ಮರುದಿನ ತಂಗಿಯ ಕಂಪ್ಯೂಟರಿನಲ್ಲಿದ್ದ, ವೇಗ ಕೊಡುವ ಎರಡು ರ್‍ಯಾಮ್ ಪಟ್ಟಿಗಳಲ್ಲಿ ಒಂದನ್ನು ಜೇಬಿಗೆ ಹಾಕಿಕೊಂಡು ಹೋದೆ. ಎರಡು ದಿನದ ಮಟ್ಟಿಗೆ ಎಂದುಕೊಂಡಿದ್ದೆ. ಅಂಗಡಿಯ ಕಂಪ್ಯೂಟರ್ ಓಡಿತು.

"ಏನ್ ಮಾಡಿದ್ಯೋ?" ಎಂದರು ಮಾಲೀಕರು.

"ಏನಿಲ್ರಿ, ರ್‍ಯಾಮ್ ತಗದು ರಬ್ಬರ್‌ಲೆ ತಿಕ್ಕಿದೆ."

ಪಟ್ಟಿಯ ಅಂಚಿನ ಹಿತ್ತಾಳೆ ಬಣ್ಣದ ಗೆರೆಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಅದರಿಂದ ಅಷ್ಟು ವೇಗವೇನೂ ಬರುವುದಿಲ್ಲ. ಮಾಲೀಕರು ಮಾತ್ರ ಬಂದವರಿಗೆಲ್ಲ, "ನಮ್ಮ ಇಂಜಿನಿಯರ್ ನೋಡ್ರಿ, ಬರೇ ರಬ್ಬರ್ ಸಾಕು ಅವಗ" ಎನ್ನತೊಡಗಿದರು. ಶಾಲೆ ಬಿಟ್ಟವನಿಗೆ ಆ ಮಾತು ಬಹಳ ರುಚಿಸಿತು. ಪಟ್ಟಿ ತೆಗೆದರೆ ಸುಳ್ಳು ಹೊರಬೀಳುತ್ತಿತ್ತು. ತೆಗೆಯಲಿಲ್ಲ.

ಮನೆಯಲ್ಲಿ ತಂಗಿಯ ಕಾರು ತಿರುವಿನಲ್ಲಿ ನಿಂತು ನಿಂತು ಗೋಡೆಗೆ ಹೊಡೆಯುತ್ತಿತ್ತು. "ಎತ್ತಿನ ಬಂಡಿ ಹೊಡ್ಯಾಕತ್ತಿಯೇನ?" ಎಂದು ಗೆಳತಿಯರು ಫೋನಿನಲ್ಲಿ ನಗುತ್ತಿದ್ದರು. ಅವಳು ಬೆರಳು ಮಡಚಿ ಬಿಚ್ಚಿ ನೋಡಿಕೊಂಡಳು.

"ನನ್ನ ಕೈನ ಸೋತಾವಣ್ಣಾ. ಟೈಪಿಂಗ್ ಇನ್ನ ಆಗೂದಿಲ್ಲ ಬಿಡು."

"ಎಣ್ಣಿ ಹಚ್ಚು, ಸರಿ ಆಗತೈತಿ" ಎಂದೆ. ಎಣ್ಣೆಯ ಬಾಟಲಿಯನ್ನೂ ನಾನೇ ತಂದುಕೊಟ್ಟೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಪಟ್ಟಿ ತಿರುಗಿ ತರುವ ಧೈರ್ಯವಿಲ್ಲದೆ, ಆಟಕ್ಕೆ ಬೇರೆ ದಾರಿಯಿಂದ ವೇಗ ಬರಲೆಂದು, ಸವಣೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಮದರ್‌ಬೋರ್ಡು, ಪ್ರೊಸೆಸರ್ ತಂದೆ. ಹೊಸ ರ್‍ಯಾಮ್ ಈಗ ವಿಪರೀತ ತುಟ್ಟಿ. ಹಳೆಯದೇ ಈ ಬೋರ್ಡಿಗೂ ಹೊಂದುತ್ತದೆಂದು ತಂಗಿ ವಿಡಿಯೋ ನೋಡಿ ತಿಳಿದುಕೊಂಡಳು. ನನ್ನ ರಜೆಯ ದಿನ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಕಂಪ್ಯೂಟರ್ ಬಿಚ್ಚಿ ಕುಳಿತಿದ್ದಳು.

"ಅಣ್ಣಾ, ಇದರಾಗ ಒಂದ ರ್‍ಯಾಮ್ ಐತಿ! ಎರಡಂತ ಹೇಳಿ ಮೋಸ ಮಾಡ್ಯಾನ ಆ ಹಿರೇಕೆರೂರಾವ. ತಡಿ, ಫೋನ್ ಹಚ್ಚತೇನಿ."

ಫೋನು ರಿಂಗಾಗತೊಡಗಿತು. ನಾನು ಸುಮ್ಮನಿದ್ದರೆ ಸಾಕಿತ್ತು.

"ಕಟ್ ಮಾಡು. ಅವಂದೇನೂ ತಪ್ಪಿಲ್ಲ. ನಾನ ತಗದು ಅಂಗಡಿಗೆ ಹಾಕೇನಿ."

"ಯಾವಾಗ?"

"ನಿನ್ನ ಕಾರು ಗ್ವಾಡಿಗೆ ಹೊಡ್ಯಾಕ ಶುರು ಆತಲ್ಲ, ಅವತ್ತ."

ಅವಳು ನನ್ನನ್ನು ನೋಡಲಿಲ್ಲ, ತನ್ನ ಬೆರಳುಗಳನ್ನು ನೋಡಿಕೊಂಡಳು. "ಹಂಗಾರ ಎಣ್ಣಿ ಯಾಕ ತಂದುಕೊಟ್ಟಿ?"

ಬಸ್ಸು ಹಿಡಿದು ಅಕ್ಕಿಆಲೂರಿಗೆ ಹೋಗಿ ಮಾಲೀಕರಿಗೂ ಎಲ್ಲ ಹೇಳಿದೆ.

"ತಂಗೀದ ಕಿತ್ತ ತಂದು ನನಗ್ಯಾಕ ಹಾಕಿದ್ಯೋ ಹುಚ್ಚಪ್ಪಾ? ಒಯ್ಯಿ ಮೊದಲ" ಎಂದರು. ಆಮೇಲೆ ಅವರು ನನ್ನನ್ನು ಇಂಜಿನಿಯರ್ ಎಂದು ಕರೆದಿಲ್ಲ.

ನಾನು ತಿರುಗಿ ಬರುವಷ್ಟರಲ್ಲಿ ತಂಗಿ ಹೊಸ ಬೋರ್ಡು ಕೂಡಿಸಿ ಮುಗಿಸಿದ್ದಳು. ಅಕ್ಕಿಕಾಳಿನಷ್ಟು ಸಣ್ಣ ಸ್ಕ್ರೂಗಳನ್ನು ಆ ಬೆರಳುಗಳೇ ತಿರುವಿದ್ದವು. ಪಟ್ಟಿಯನ್ನು ನನ್ನ ಕೈಯಿಂದ ಕಸಿದುಕೊಂಡು, ತಾನೇ ರಬ್ಬರಿನಿಂದ ತಿಕ್ಕಿ, ಎರಡನ್ನೂ ಒತ್ತಿ ಕೂಡಿಸಿದಳು. ಸಂಜೆ ಕಾರು ಒಂದು ತಿರುವಿನಲ್ಲೂ ನಿಲ್ಲಲಿಲ್ಲ.

"ಅವ್ವಾ, ಎರಡನೇ ನಂಬರ್!"

ನಂತರ ಕುರ್ಚಿ ಬಿಟ್ಟೆದ್ದು, "ಬಾ, ಈಗ ನೀ ಹೊಡಿ" ಎಂದಳು. ಮೊದಲ ತಿರುವಿನಲ್ಲೇ ಗೋಡೆಗೆ ಹೊಡೆದೆ.

"ಎಣ್ಣಿ ಅಲ್ಲೇ ಗ್ವಾಡಿ ಮಾಡದಾಗ ಐತಿ, ಹಚ್ಚಿಕೋ."

ಸೋಮವಾರ ಟೈಪಿಂಗ್ ಕ್ಲಾಸಿಗೆ ಅವಳನ್ನು ಗಾಡಿಯ ಮೇಲೆ ಕರೆದೊಯ್ದೆ. ಇಳಿದು ನಾಲ್ಕು ಹೆಜ್ಜೆ ಹೋದವಳು ತಿರುಗಿ, "ಹನ್ನೊಂದಕ್ಕ ಬಾ" ಎಂದಳು.

ಹತ್ತೂವರೆಗೇ ಹೋಗಿ ನಿಂತೆ.