ಒಂದೇ ಹೆಸರಿನೊಳಗೆ ಸಿಕ್ಕಿಬಿದ್ದ ದಿನಗಳು

ಕಾಫಿಗೆ ಸಕ್ಕರೆ ಹೆಚ್ಚಾಗಿದೆ ಎಂದು ಹೇಳಲು ಬಾಯಿ ತೆರೆದೆ. ‘ವಿಠಲ’ ಎಂಬ ಮಾತು ಹೊರಬಿತ್ತು.

ನನ್ನ ಹೆಂಡತಿ ಸರೋಜ ತಲೆಯೆತ್ತಲಿಲ್ಲ. ಹುರುಳಿಕಾಯಿ ಮುರಿಯುತ್ತಲೇ, “ಮೊದ್ಲು ಕಾಫಿ ಕುಡೀರಿ, ಆಮೇಲೆ ಭಜನೆ” ಎಂದಳು.

ಮತ್ತೆ ಪ್ರಯತ್ನಿಸಿದೆ. ಮತ್ತೆ ಅದೇ ಹೆಸರು. ಸಕ್ಕರೆ ಎಂಬ ಪದ ಮನಸ್ಸಿನಲ್ಲಿ ಸ್ಪಷ್ಟವಾಗಿತ್ತು, ಅದರ ರುಚಿ ನಾಲಿಗೆಯ ಮೇಲೇ ಇತ್ತು. ಆದರೆ ಬಾಯಿಗೆ ಬರುವ ದಾರಿಯಲ್ಲಿ ಯಾರೋ ಅದನ್ನು ತಡೆದು, ಅದರ ಬದಲಿಗೆ ಬೇರೊಂದನ್ನು ಕಳುಹಿಸುತ್ತಿದ್ದರು. ಅಷ್ಟರಲ್ಲಿ ಬಲಗೈಯ ಲೋಟ ಜಾರಿತು. ಸದ್ದಿಗೆ ಸರೋಜ ನನ್ನತ್ತ ನೋಡಿದಳು. ನನ್ನ ಬಾಯಿ ಸೊಟ್ಟಗಾಗಿದೆಯೆಂಬುದು ಅವಳ ಮುಖ ನೋಡಿ ನನಗೆ ತಿಳಿಯಿತು.

ಸ್ಟ್ರೋಕ್.

ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದರು. ಡಾಕ್ಟರು ನನ್ನ ಹಾಸಿಗೆಯ ಪಕ್ಕದಲ್ಲೇ ನಿಂತು, ನನ್ನನ್ನು ಒಮ್ಮೆಯೂ ನೋಡದೆ, ಸರೋಜಳಿಗೆ ವಿವರಿಸಿದರು. “ಬ್ರೈನ್‌ನ ಎಡಗಡೆ ಕ್ಲಾಟ್ ಆಗಿದೆ. ಮಾತಿನ ಭಾಗಕ್ಕೆ ಡ್ಯಾಮೇಜ್ ಆಗಿದೆ. ಅಫೇಸಿಯಾ ಅಂತೀವಿ. ಅವರಿಗೆ ಎಲ್ಲಾ ಅರ್ಥ ಆಗುತ್ತೆ, ಹೇಳಕ್ಕೆ ಆಗಲ್ಲ. ಕೆಲವರಿಗೆ ದಿನಾ ಹೇಳಿ ಅಭ್ಯಾಸ ಆಗಿರೋ ಒಂದು ಪದ ಮಾತ್ರ ಉಳ್ಕೊಳ್ಳುತ್ತೆ.”

ಎಲ್ಲ ಅರ್ಥವಾಗುತ್ತದೆ ಎಂದು ತಿಳಿದವರು ನನಗೇ ಹೇಳಬಹುದಿತ್ತು. ಹೇಳಲಿಲ್ಲ. ಅದು ನೆನಪಿದೆ.

ಉಳಿದ ಪದ ಅದೇ ಏಕೆ ಎಂಬುದಕ್ಕೆ ವಿವರಣೆ ಬೇಕು. ನಾನು ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಬಸವೇಶ್ವರನಗರದ ನಮ್ಮ ಭಜನಾ ಮಂಡಳಿಯ ಅಧ್ಯಕ್ಷ. ನಾವು ನಡೆದುಕೊಳ್ಳುವುದು ನಾಮದ ಸ್ವಾಮಿಗಳ ಪರಂಪರೆಗೆ. ಅವರು ಭೀಮಾ ತೀರದ ಹಳ್ಳಿಯೊಂದರಲ್ಲಿ ಹುಟ್ಟಿ, ಕಂಡವರ ಮನೆಗೆ ನೀರು ಸೇದಿ ಬದುಕಿದವರು. ಹಗ್ಗದ ಒಂದೊಂದು ಎಳೆತಕ್ಕೂ ಒಂದೊಂದು ವಿಠಲ ನಾಮ. ಮಠ ಕಟ್ಟಲಿಲ್ಲ, ಪಲ್ಲಕ್ಕಿ ಏರಲಿಲ್ಲ. ಅರ್ಥ ತಿಳಿಯದೆ ನಾಮ ಹೇಳಿದರೆ ಏನು ಫಲವೆಂದು ಪಂಡಿತರೊಬ್ಬರು ಕೆಣಕಿದಾಗ, ಕೊಡವನ್ನು ಅವರ ಮುಂದಿಟ್ಟು, ಬಾಯಾರಿಕೆ ಹೋಗಲು ನೀರಿನ ಅರ್ಥ ತಿಳಿದಿರಬೇಕೇ ಎಂದು ಕೇಳಿದರಂತೆ. ಉಸಿರಾಟದಂತೆ ನಾಮವೂ ತಾನಾಗಿ ನಡೆಯಬೇಕು ಎಂಬುದು ಅವರ ಬೋಧೆ. ಪ್ರತಿ ಆರಾಧನೆಗೂ ಅವರ ಚರಿತ್ರೆಯನ್ನು ಹೇಳುತ್ತಿದ್ದವನು ನಾನು. ಬೇರೆ ಮಾತೇ ಬೇಡ, ನಾಮವೊಂದಿದ್ದರೆ ಸಾಕು ಎಂದು ವೇದಿಕೆಯ ಮೇಲೆ ಕೈಮುಗಿದು ಬೇಡಿಕೊಂಡವನೂ ನಾನೇ.

ಇದು ಆ ಬೇಡಿಕೆಗೆ ಸಿಕ್ಕ ವರವಾಗಿದ್ದರೆ, ಕೊಟ್ಟವನು ನನ್ನ ಅರ್ಜಿಯನ್ನು ಸರಿಯಾಗಿ ಓದಿಲ್ಲ.

ಮನೆಗೆ ಬಂದೆ. ಹಾಲ್‌ನಲ್ಲಿ ಮಂಚ ಹಾಕಿದರು. ಬಲಗಡೆಗೆ ಸ್ವಾಧೀನವಿಲ್ಲ. ಮೂತ್ರಕ್ಕೆ ಕ್ಯಾಥೆಟರ್ ಟ್ಯೂಬ್, ಅದರ ತುದಿಯ ಬ್ಯಾಗ್ ಮಂಚದ ಕೆಳಗೆ. ಬರೆದು ತಿಳಿಸೋಣವೆಂದು ಎಡಗೈಯಲ್ಲಿ ಪೆನ್ನು ಹಿಡಿದರೆ ಅಕ್ಷರಗಳೂ ಕೈಕೊಟ್ಟವು. ಫ್ಯಾನು ನಿಲ್ಲಿಸಿ ಎನ್ನಬೇಕಾದರೂ ವಿಠಲ. ದಿಂಬು ಸರಿಮಾಡಿ ಎನ್ನಬೇಕಾದರೂ ವಿಠಲ. ಒಳಗೆ ಇಡೀ ಕನ್ನಡ ಭಾಷೆ, ಶಬ್ದಕೋಶ ವ್ಯಾಕರಣಗಳ ಸಮೇತ, ಬೀಗ ಹಾಕಿದ ಕೋಣೆಯಲ್ಲಿ ಕುಳಿತಂತೆ ಕುಳಿತಿತ್ತು. ನಾನೂ ಅದರ ಜೊತೆಗೇ ಒಳಗಿದ್ದೆ. ಬಾಗಿಲು ಬಡಿದರೆ ಹೊರಗೆ ಕೇಳಿಸುತ್ತಿದ್ದದ್ದು ಭಜನೆ.

ಮಂಡಳಿಯ ಕಾರ್ಯದರ್ಶಿ ಪ್ರಹ್ಲಾದರಾಯರು ಬಂದರು. ಹಿಂದೊಮ್ಮೆ ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರನ್ನು ಅಡುಗೆ ಕಂಟ್ರಾಕ್ಟರನ ಹೆಸರಿಗಿಂತ ಕೆಳಗೆ ಮುದ್ರಿಸಿ, ಪ್ರೆಸ್‌ನವರ ತಪ್ಪು ಎಂದವರು. ನನ್ನ ಬಾಯಿಂದ ಬಂದ ಏಕೈಕ ಪದವನ್ನು ಕೇಳಿ ಅವರ ಕಣ್ಣು ತುಂಬಿತು.

“ಎಲ್ಲಾ ಮಾತು ಹೋಗಿ ನಾಮ ಮಾತ್ರ ಉಳಿದಿದೆ ಅಂದ್ರೆ, ಇದು ಸಿದ್ಧಿ ಅಲ್ದೆ ಇನ್ನೇನಮ್ಮ?”

“ಸ್ಟ್ರೋಕ್ ಅಂತ ಡಾಕ್ಟ್ರು ಹೇಳಿದ್ರು ರಾಯರೇ” ಎಂದಳು ಸರೋಜ.

“ಡಾಕ್ಟ್ರಿಗೆ ದೇಹ ಕಾಣುತ್ತಮ್ಮ, ಅಷ್ಟೇ.”

ವಾಟ್ಸ್ಯಾಪ್‌ನಲ್ಲಿ ಸುದ್ದಿ ಹರಡಿತು. ವಿಜಯನಗರದಿಂದ, ಕೆಂಗೇರಿಯಿಂದ ಜನ ಹಣ್ಣು ಹಿಡಿದು ಬಂದರು. ಲಗ್ಗೆರೆಯ ಹೆಂಗಸೊಬ್ಬಳು ನನ್ನ ಕಾಲು ಮುಟ್ಟಿ, “ತಾತಾ, ನನ್ ಮಗಳಿಗೆ ಕೆಲ್ಸ ಸಿಗುತ್ತಾ?” ಎಂದು ಕೇಳಿದಳು. ಆ ಕಾಲನ್ನು ಹಾಗೆ ಒತ್ತಬೇಡಿ ಎನ್ನಲು ಹೊರಟೆ. ವಿಠಲ ಎಂದೆ. “ಸಿಗುತ್ತಂತೆ!” ಎಂದು ಅವಳು ಗಂಡನತ್ತ ತಿರುಗಿದಳು.

ಮನುಷ್ಯನನ್ನು ಕಡೆಗಣಿಸಿದರೆ ಅವನು ಸಿಟ್ಟನ್ನಾದರೂ ತೋರಿಸಬಹುದು. ಪೂಜಿಸಲು ತೊಡಗಿದರೆ ಅವನ ಸಿಟ್ಟು ಕೂಡ ಪ್ರಸಾದವಾಗಿಬಿಡುತ್ತದೆ. ಅದಕ್ಕಿಂತ ಭದ್ರವಾದ ಸೆರೆಮನೆಯನ್ನು ನಾನು ಕಂಡಿಲ್ಲ.

ಏಕಾದಶಿಯ ಮಧ್ಯಾಹ್ನ ಮಂಡಳಿಯವರೆಲ್ಲ ತಾಳ ಹಿಡಿದು ಬಂದರು. ಕುರ್ಚಿ ಸಾಲಲಿಲ್ಲ. ಪ್ರಹ್ಲಾದರಾಯರು ನನ್ನ ಮಂಚದ ಅಂಚಿನಲ್ಲಿ ಕುಳಿತರು. ಕ್ಯಾಥೆಟರ್ ಟ್ಯೂಬ್ ಅವರ ತೊಡೆಯ ಕೆಳಗೆ ಸಿಕ್ಕಿಕೊಂಡಿತು.

ಮೊದಲು ಕಿಬ್ಬೊಟ್ಟೆ ಬಿಗಿಯಿತು. ಆಮೇಲೆ ಉರಿ. ಸ್ವಲ್ಪ ಹೊತ್ತಿಗೆ ಹೊಟ್ಟೆಯೇ ಒಡೆಯುತ್ತದೆ ಎನಿಸಿತು. ಏಳಿ ಎನ್ನಲು ಹೊರಟು ವಿಠಲ ಎಂದೆ. ಅವರು ತಾಳ ತಟ್ಟಿದರು. ಸತ್ತೆ ಎನ್ನಲು ಹೊರಟು ವಿಠಲ ವಿಠಲ ಎಂದೆ. ಎಲ್ಲರೂ ನನ್ನ ಹಿಂದೆ ಹೇಳಿದರು. ನಾನು ಕಿರುಚಿದಷ್ಟೂ ಅವರು ಲಯವನ್ನು ಏರಿಸಿದರು. ನೋವಿನಿಂದ ನನ್ನ ಕಣ್ಣಲ್ಲಿ ನೀರು ಬಂದಾಗ ಅವರೂ ಅತ್ತರು.

ಯಾರೂ ಕೆಳಗೆ ನೋಡಲಿಲ್ಲ.

ಸರೋಜ ಪಾನಕದ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದಳು. ನಿಂತಳು. ನನ್ನ ಮುಖ ನೋಡಿದಳು, ಮಂಚದ ಕೆಳಗಿನ ಖಾಲಿ ಬ್ಯಾಗ್ ನೋಡಿದಳು. ತಟ್ಟೆಯನ್ನು ನೆಲಕ್ಕೇ ಇಟ್ಟಳು.

“ಏಳ್ರೀ ಮೇಲೆ!”

ಪ್ರಹ್ಲಾದರಾಯರು ಬೆಚ್ಚಿ ಎದ್ದರು. “ಯಾಕಮ್ಮಾ, ಎಂಥಾ ಭಾವ ಬಂದಿತ್ತು ಅವರಿಗೆ!”

“ಭಾವ ಅಲ್ಲ ರಾಯರೇ, ಉಚ್ಚೆ. ಪೈಪ್ ಮೇಲೆ ಕೂತಿದೀರಿ.”

ತಾಳಗಳು ನಿಂತವು. ಬ್ಯಾಗ್ ತುಂಬತೊಡಗಿತು. ಆ ಸುಖವನ್ನು ಬಣ್ಣಿಸುವ ಪದ ಮಾತು ಮರಳಿ ಬಂದ ಮೇಲೂ ನನಗೆ ಸಿಕ್ಕಿಲ್ಲ. ಜನರನ್ನು ಕಳುಹಿಸಿ, ಬಾಗಿಲು ಹಾಕಿ, ಸರೋಜ ನನ್ನ ಬೆವರು ಒರೆಸಿದಳು. “ನಿಮ್ಮ ಜೊತೆ ಇಷ್ಟು ವರ್ಷ ಬಾಳಿದೀನಿ. ಅವರಿಗೆ ಜಪ ಕೇಳಿಸ್ತು, ನಂಗೆ ಬೈಗುಳ ಕೇಳಿಸ್ತು” ಎಂದಳು. ಅಂದಿನಿಂದ ಅವಳು ಪದವನ್ನು ಬಿಟ್ಟು ದನಿಯನ್ನು ಕೇಳತೊಡಗಿದಳು. ನೋವಾ, ಹಸಿವಾ, ಸಿಟ್ಟಾ ಎಂದು ಒಂದೊಂದಾಗಿ ಕೇಳುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ.

ರಾಜಾಜಿನಗರದ ಸ್ಪೀಚ್ ಥೆರಪಿಸ್ಟ್ ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಭಜನೆಯ ಧಾಟಿಯಲ್ಲೇ, ಎಡಗೈಯಿಂದ ತಾಳ ಹಾಕಿಸುತ್ತ, ‘ನೀರು ಬೇಕು’ ಎಂಬುದನ್ನು ಹಾಡಿಸಿದಳು. ಮಾತು ಕೂರುವ ಜಾಗ ಕೆಟ್ಟರೂ ರಾಗ ಕೂರುವ ಜಾಗ ಉಳಿದಿರಬಹುದಂತೆ. ಎಷ್ಟೋ ವಾರ ಏನೂ ಆಗಲಿಲ್ಲ. ಒಂದು ದಿನ “ತಾತ, ಇನ್ನೊಂದ್ಸಲ ಟ್ರೈ ಮಾಡೋಣ್ವಾ?” ಎಂದು ಕೇಳಿದಾಗ ಮೊದಲ ಪದ ಹೊರಬಂತು.

“ಬೇಡ.”

ಸರೋಜ ನಕ್ಕಳು, ಅತ್ತಳು. “ಸರಿಹೋದ್ರು ಬಿಡಮ್ಮ, ಇವರು ಹಳೇ ಮನುಷ್ಯರೇ!”

ಆರಾಧನೆ ಬಂತು. ವೇದಿಕೆಯ ಮೇಲೆ ನನ್ನನ್ನು ಕೂರಿಸುವ ಆಸೆ ಪ್ರಹ್ಲಾದರಾಯರಿಗಿತ್ತು. ಬೇಡ ಎಂದೆ. ಕೆಳಗೆ, ಮೊದಲ ಸಾಲಿನಲ್ಲಿ ಕುಳಿತೆ. ಈ ಸಲ ಚರಿತ್ರೆ ಹೇಳಿದವರು ಅವರು. ಕೊನೆಯ ಭಾಗಕ್ಕೆ ಬಂದರು. ಸ್ವಾಮಿಗಳು ಹಾಸಿಗೆ ಹಿಡಿದರು, ಒಂದು ಕೈ ಬಿದ್ದುಹೋಯಿತು, ಲೋಕದ ಮಾತನ್ನೆಲ್ಲ ತ್ಯಜಿಸಿ ನಾಮವೊಂದನ್ನೇ ಗಟ್ಟಿಯಾಗಿ ನುಡಿಯುತ್ತಿದ್ದರು, ಭಕ್ತರು ಸುತ್ತ ಕುಳಿತು ಹಗಲಿರುಳೂ ದನಿಗೂಡಿಸಿದರು. ನಾನೂ ಹೇಳುತ್ತಿದ್ದದ್ದು ಇದನ್ನೇ. ಸಭೆ ಎಂದಿನಂತೆ ಕಣ್ಣೊರೆಸಿಕೊಂಡಿತು.

ನಾನು ಎಡಗೈ ಎತ್ತಿದೆ. ಪದಗಳನ್ನು ಒಂದೊಂದಾಗಿ ಎಳೆದು ತಂದೆ.

“ಸ್ವಾಮಿಗಳಿಗೆ... ನೋವಿತ್ತೋ... ಏನೋ. ಯಾರೂ... ಕೇಳಲಿಲ್ಲ.”

ಪ್ರಹ್ಲಾದರಾಯರು ಮೈಕ್ ಕೆಳಗಿಳಿಸಿದರು. ಹಿಂದಿನಿಂದ ಮುದುಕಿಯೊಬ್ಬಳು “ಹೌದಲ್ವಾ, ಪಾಪ” ಎಂದಳು. ಆಮೇಲೆ ಮಂಗಳಾರತಿಯಾಯಿತು. ಕೋಸಂಬರಿ ಕೊಡುವಾಗ ಪ್ರಹ್ಲಾದರಾಯರು ನನ್ನ ಬಳಿ ಬಂದು, ನಿಂತೇ, “ಕಾಲು ಹೇಗಿದೆ ಸಾರ್ ಈಗ?” ಎಂದು ಕೇಳಿದರು. ಉತ್ತರ ಬರುವವರೆಗೂ ಕಾದರು. ಇದನ್ನೂ ನೆನಪಿಟ್ಟುಕೊಂಡಿದ್ದೇನೆ.

ಬಲಗೈ ಇನ್ನೂ ಮಾತು ಕೇಳುವುದಿಲ್ಲ. ಮಾತಿನ ಹಿಂದೆ ಅಕ್ಷರಗಳೂ ಮರಳಿದವು. ಇದನ್ನು ಎಡಗೈಯಲ್ಲಿ, ದಿನಕ್ಕೆ ಕೆಲವೇ ಸಾಲುಗಳಂತೆ ಬರೆದಿದ್ದೇನೆ. ಆರಾಧನೆಯ ಸಂಜೆ ಮನೆಗೆ ಬಂದು, ಮಂಡಿ ನೋಯುತ್ತಿದೆ ಎಂದೆ. ಸರೋಜ ಎಣ್ಣೆ ಬಿಸಿಮಾಡಿ ತಂದು ಹಚ್ಚಿದಳು. ಸಾಕು ಎಂದೆ. ದೀಪ ಹಚ್ಚು ಎಂದೆ. ಹೇಳಬಹುದಾದ ಬೇರೆ ಮಾತುಗಳು ಬಾಯಲ್ಲಿ ಇದ್ದವು. ಅವನ್ನು ಬದಿಗಿಟ್ಟು, ಮೆಲ್ಲಗೆ, ವಿಠಲ ಎಂದೆ.