ಅವಳಿಗಿಂತ ಮೊದಲು ಬಂದ ಚೀಲ

ಕೊಲ್ಲಿಯ ಒಂದು ದೇಶದ ಮಿಲಿಟರಿ ಆಸ್ಪತ್ರೆಯಲ್ಲಿ ನಾನು ಕೆಲವು ವರ್ಷ ನರ್ಸ್ ಆಗಿದ್ದೆ. ಸೈನ್ಯದವಳಲ್ಲ, ಗುತ್ತಿಗೆಯ ಮೇಲೆ ಹೋದವಳು. ಗೇಟಿನಲ್ಲಿ ಬಂದೂಕು ಹಿಡಿದ ಹುಡುಗರು ದಿನವೂ ನಮ್ಮ ಚೀಲ ಬಿಚ್ಚಿ ನೋಡುತ್ತಿದ್ದುದನ್ನು ಬಿಟ್ಟರೆ ಅದು ಎಲ್ಲಾ ಆಸ್ಪತ್ರೆಗಳ ಹಾಗೆಯೇ ಇತ್ತು. ಸೈನಿಕರಿಗಿಂತ ಅವರ ಹೆಂಡಿರು, ಮಕ್ಕಳು, ಮುದಿ ತಂದೆ-ತಾಯಿಗಳೇ ಹೆಚ್ಚಾಗಿ ಬರುತ್ತಿದ್ದರು. ಹೆರಿಗೆ, ಸಕ್ಕರೆ ಕಾಯಿಲೆ, ಮಂಡಿನೋವು. ಯುದ್ಧದ ಗಾಯವನ್ನು ನಾನು ಅಲ್ಲಿ ನೋಡಿರಲೇ ಇಲ್ಲ.

ನನ್ನ ಜೊತೆ ಕೋಣೆಯಲ್ಲಿದ್ದವಳು ಪಣಜಿ ಹತ್ತಿರದ ಚಿಂಬಲ್ಲಿನ ಹುಡುಗಿ, ಡಯಾಲಿಸಿಸ್ ವಿಭಾಗದ ನರ್ಸ್. ಅವಳ ಅಪ್ಪ-ಅವ್ವ ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದು ಕಟ್ಟಡದ ಕೆಲಸ ಮಾಡಿಕೊಂಡೇ ಮಗಳನ್ನು ಓದಿಸಿದ್ದರು. ನಾನು ವಾಸ್ಕೋದ ಮಂಗೋರ್ ಹಿಲ್‌ನವಳು, ಧಾರವಾಡದಿಂದ ಬಂದ ನೌಕರಿಯವರ ಮನೆತನ. ಗೋವಾದಲ್ಲಿದ್ದಿದ್ದರೆ ನಾವಿಬ್ಬರು ಮಾತಾಡುವ ಸಂದರ್ಭವೇ ಬರುತ್ತಿರಲಿಲ್ಲ. ಅಲ್ಲಿ ಒಂದೇ ಒಲೆಯ ಮೇಲೆ ರೊಟ್ಟಿ ಬೇಯಿಸಿಕೊಂಡು ತಿಂದೆವು. ವಯಸ್ಸಿನಲ್ಲಿ ದೊಡ್ಡವಳೆಂದು ಅವಳು ನನ್ನನ್ನು ‘ಅಕ್ಕಾರ’ ಅನ್ನುತ್ತಿದ್ದಳು.

ನನ್ನ ವಾರ್ಡಿನಲ್ಲಿ ಒಬ್ಬ ದೊಡ್ಡ ಅಧಿಕಾರಿಯ ತಾಯಿ ಇದ್ದಳು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಾನೇ ಪಟ್ಟಿ ಬದಲಿಸುತ್ತಿದ್ದೆ. ನನ್ನ ಹರಕುಮುರುಕು ಅರಬ್ಬಿ ಕೇಳಿ ನಗುತ್ತಿದ್ದಳು. ಒಂದು ದಿನ ನಗಲಿಲ್ಲ. ರಜೆ ಯಾವಾಗ ಎಂದು ಕೇಳಿದಳು. ಮುಂದಿನ ತಿಂಗಳು ಅಂದೆ. ಈ ವಾರವೇ ಹೋಗು ಎಂದು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮರುದಿನ ಮಗನ ಕಡೆಯವರು ಬಂದು ಅವಳನ್ನು ಕರೆದುಕೊಂಡು ಹೋದರು. ಹುಣ್ಣು ಇನ್ನೂ ಹಸಿಯಾಗಿತ್ತು.

ಅದರ ಹಿಂದೆಯೇ ಉಳಿದ ಅಧಿಕಾರಿಗಳ ಮನೆಯವರೂ ಒಬ್ಬೊಬ್ಬರಾಗಿ ಹೊರಟರು. ಯಾರನ್ನೂ ಡಾಕ್ಟರು ಕಳಿಸಿದ್ದಲ್ಲ. ಖಾಲಿಯಾದ ಹಾಸಿಗೆಗಳಿಗೆ ಹೊಸ ಚಾದರ ಹಾಸಿ ಹಾಗೆಯೇ ಬಿಡಲು ನಮಗೆ ಹೇಳಿದರು. ಹೊಸ ರೋಗಿಗಳನ್ನು ತೆಗೆದುಕೊಳ್ಳಲಿಲ್ಲ. ನೆಲಮಾಳಿಗೆಯಲ್ಲಿ ಮುರಿದ ಗಾಲಿಕುರ್ಚಿಗಳನ್ನು ಹಾಕುತ್ತಿದ್ದ ಕೋಣೆ ತೊಳೆದು, ಗೋಡೆಗುಂಟ ಆಕ್ಸಿಜನ್ ಸಿಲಿಂಡರ್ ನಿಲ್ಲಿಸಿದರು. ರಕ್ತ ಇಡುವ ಫ್ರಿಜ್ಜುಗಳು ಲಾರಿಯಲ್ಲಿ ಬಂದವು. ಊಟದ ಹಾಲ್‌ನಲ್ಲಿ ಜೋರಾಗಿ ಮಾತಾಡುವುದು ತಾನಾಗಿಯೇ ನಿಂತುಹೋಯಿತು.

ಮಂಜೂರಾಗಿದ್ದ ರಜೆಯನ್ನೇ ನಾನು ಮುಂಚೆ ಮಾಡಿಕೊಂಡೆ. ಮುದುಕಿ ಹೇಳಿದ್ದನ್ನು ಗೆಳತಿಗೆ ಹೇಳಿ, ನೀನೂ ಬಾ ಅಂದೆ. ಅವಳು ತಲೆ ಅಲ್ಲಾಡಿಸಿದಳು.

“ಅಧಿಕಾರಿಗಳ ಮಂದಿ ಹ್ವಾದ್ರು ಅಕ್ಕಾರ. ಡಯಾಲಿಸಿಸ್‌ನವ್ರು ಎಲ್ಲಿ ಹೋಗ್ತಾರ್ರಿ? ದಿನ ಬಿಟ್ಟು ದಿನ ಮಷಿನ್ನಿಗೆ ಬರಾಕಬೇಕು.”

ಹೊರಡುವ ದಿನ ಒಂದು ದಪ್ಪ ಚೀಲ ತಂದಳು. ಒಂದಿಷ್ಟು ಅರಿವೆ ಇವೆ, ಅವ್ವಗೆ ಮುಟ್ಟಿಸಿ ಎಂದಳು. ಅದರ ಬಾಯಿ ಹೊಲಿದಿದ್ದಳು. ದಾರಿಯಲ್ಲಿ ಬಿಚ್ಚಿಕೊಳ್ಳಬಾರದೆಂದು ಹೊಲಿದಿರಬೇಕು ಅಂದುಕೊಂಡೆ.

ಊರಿಗೆ ಬಂದ ಎರಡು ದಿನಕ್ಕೆ ಚಿಂಬಲ್‌ಗೆ ಹೋದೆ. ಶೀಟಿನ ಮಾಡಿನ ಒಂದೇ ಕೋಣೆಯ ಮನೆ. ಅವಳ ಅವ್ವ ಕೆಲಸದಿಂದ ಆಗ ತಾನೆ ಬಂದು ಕಾಲು ತೊಳೆಯುತ್ತಿದ್ದರು, ಮೊಣಕಾಲಿನವರೆಗೂ ಸಿಮೆಂಟು. ನನಗೆ ಚಹಾ ಕೊಟ್ಟು ಕೂತು ಹೊಲಿಗೆ ಕತ್ತರಿಸಿದರು. ಮೇಲೆ ಖರ್ಜೂರದ ಪೊಟ್ಟಣ. ಅದರ ಕೆಳಗೆ ಮಗಳ ಇಳಕಲ್ ಸೀರೆ, ಬೆಳ್ಳಿ ಕಾಲ್ಗೆಜ್ಜೆ, ಬಟ್ಟೆಯಲ್ಲಿ ಸುತ್ತಿದ ಬೆಂಡೋಲೆ, ಊರಿನಿಂದ ಒಯ್ದಿದ್ದ ಸ್ಟೀಲ್ ಡಬ್ಬಿ. ಎಲ್ಲಾ ಹಳೆಯವು, ಎಲ್ಲಾ ಅವಳವೇ. ಅವರು ಒಂದೊಂದಾಗಿ ನೆಲದ ಮೇಲೆ ಇಟ್ಟರು. ನಾನು ಖರ್ಜೂರದ ಬಗ್ಗೆ ಏನೋ ಮಾತಾಡುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ.

“ಬಾಯಾರ, ಖರೇ ಹೇಳ್ರಿ,” ಅಂದರು. “ತಿರುಗಿ ಬರೋಹಂತಾಕಿ ಇವನ್ನೆಲ್ಲಾ ಮುಂಚೇನ ಯಾಕ ಕಳಸ್ತಾಳ್ರಿ?”

ಆಸ್ಪತ್ರೆ ಗಟ್ಟಿ ಇದೆ, ಸೈನ್ಯದ್ದು, ಸುತ್ತ ಕಾವಲಿದೆ ಎಂದೆ. ಸೈನ್ಯದ್ದೆಂಬ ಮಾತಿಗೇ ಅವರ ಮುಖ ಇನ್ನಷ್ಟು ಬಿಗಿಯಾಯಿತು.

ಆ ವಾರ ನಮ್ಮ ಮನೆಯ ಮೇಲೆ ದಾಬೋಳಿಯ ನೌಕಾದಳದ ವಿಮಾನಗಳು ಹಾರುತ್ತಲೇ ಇದ್ದವು. ಚಿಕ್ಕಂದಿನಿಂದ ಕೇಳಿದ ಸದ್ದು. ಈಗ ಮಾತ್ರ ಹಿಟ್ಟು ನಾದುತ್ತಿದ್ದ ಕೈ ನಿಂತುಬಿಡುತ್ತಿತ್ತು. ಟಿವಿಯಲ್ಲಿ ಆ ದೇಶದ ಹೆಸರು ಮೊದಲು ದಿನಕ್ಕೊಮ್ಮೆ ಬರುತ್ತಿತ್ತು, ಆಮೇಲೆ ಬಿಡದೆ ಬರತೊಡಗಿತು. ನನ್ನ ಗಂಡ ರಿಮೋಟನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಗೆಳತಿಯ ಸಂದೇಶಗಳು ಚಿಕ್ಕದಾಗುತ್ತಾ ಬಂದವು. ಕೊನೆಯದರಲ್ಲಿ, ಮಷಿನ್ನುಗಳನ್ನು ಕೆಳಗೆ ಇಳಿಸಿದ್ದೇವೆ ಎಂದಷ್ಟೇ ಇತ್ತು. ಒಂದು ಮಧ್ಯಾಹ್ನ ನಮ್ಮ ಆಸ್ಪತ್ರೆ ಇದ್ದ ಬಡಾವಣೆಯ ಮೇಲೆ ಹೊಗೆ ಏಳುವುದನ್ನು ಟಿವಿಯಲ್ಲಿ ತೋರಿಸಿದರು. ನೀರಿನ ಟ್ಯಾಂಕು ನೋಡಿ ಆ ಜಾಗದ ಗುರುತು ಹಿಡಿದೆ. ಫೋನ್ ಮಾಡಿದರೆ ಅತ್ತ ರಿಂಗೂ ಆಗಲಿಲ್ಲ.

ಪಣಜಿಯ ಬಸ್ಸು ಹಿಡಿದು ದಿನವೂ ಚಿಂಬಲ್‌ಗೆ ಹೋಗತೊಡಗಿದೆ. ಅವಳ ಅಪ್ಪ ಸೈಟಿಗೆ ಹೋಗುತ್ತಿದ್ದರು, ಮನೆಯಲ್ಲಿ ಕೂರಲಾಗುವುದಿಲ್ಲ ಎನ್ನುತ್ತಿದ್ದರು. ಅವ್ವ ಮಾತ್ರ ಕೆಲಸ ಬಿಟ್ಟು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಹೊಸ್ತಿಲ ಬಳಿ ಕೂತಿರುತ್ತಿದ್ದರು. ಮಗಳು ಎಲ್ಲಿರಬಹುದು ಎಂದು ಕೇಳಿದರು. ನೆಲಮಾಳಿಗೆಯ ಬಗ್ಗೆ ಹೇಳಿದೆ.

“ಅಲ್ಲಿ ಕಿಡಕಿ ಅದಾವೇನ್ರಿ?”

“ಇಲ್ಲ ಅವ್ವಾರ.”

“ಕಿಡಕಿ ಇಲ್ಲಂದ್ರ ಚಲೋ ಆತು,” ಅಂದರು. ಮಡಿಲಲ್ಲಿದ್ದ ಫೋನನ್ನು ಸೆರಗಿನಿಂದ ಒರೆಸಿ, “ಆದ್ರ ಹೊರಗ ಬರೋ ಬಾಗಲಾ ಎಷ್ಟದಾವ್ರಿ?” ಎಂದು ಕೇಳಿದರು. ಜೀವಮಾನವೆಲ್ಲಾ ಕಟ್ಟಡ ಕಟ್ಟಿದವರು. ಒಂದೇ ಬಾಗಿಲು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ನೆನಪಿಲ್ಲ ಅಂದೆ.

ಫೋನ್ ಬಂದಾಗ ನಾನು ಅಲ್ಲೇ ಇದ್ದೆ. ಗುರುತಿಲ್ಲದ ನಂಬರು. ಅವ್ವ ಎತ್ತಿ ಹಲೋ ಅನ್ನುವ ಮೊದಲೇ ಮಗಳು ಕೂಗುತ್ತಿದ್ದಳು. ನಾನು ಆರಾಮ ಅದೀನಿ, ಬ್ಯಾರೆ ಊರಿಗೆ ಒಯ್ದಾರ ಅಂದಳು. ಅವ್ವ ಅಳುತ್ತಾ ಏನೇನೋ ಕೇಳಿದರು. ಯಾವುದಕ್ಕೂ ಉತ್ತರವಿಲ್ಲ, ಅತ್ತಲಿಂದ ಅದೇ ಮಾತು, ಮೊದಲಿಗಿಂತ ಜೋರಾಗಿ. ಲೈನು ಸರಿಯಿಲ್ಲ ಎಂದು ಅಕ್ಕಪಕ್ಕದವರು ಸಮಾಧಾನ ಹೇಳಿದರು. ಲೈನು ಸರಿಯಾಗಿಯೇ ಇತ್ತು. ಅವಳ ಹಿಂದೆ ಯಾರೋ ಕೆಮ್ಮಿದ್ದೂ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಅವಳಿಗೇ ಕೇಳುತ್ತಿಲ್ಲ ಎಂಬುದನ್ನು ಆ ದಿನ ಅವ್ವನಿಗೆ ನಾನು ಹೇಳಲಿಲ್ಲ.

ಕೆಲವು ವಾರಗಳ ಮೇಲೆ, ಇನ್ನೊಂದು ದೇಶದ ಮೂಲಕ, ಅವಳು ಬಂದಳು. ಬಲಗಿವಿ ಸ್ವಲ್ಪ ಸುಧಾರಿಸಿತ್ತು, ಎಡಗಿವಿ ಹೋಗಿತ್ತು. ಏನಾಯಿತೆಂದು ಒಮ್ಮೆ ಮಾತ್ರ ಹೇಳಿದಳು. ಸ್ಫೋಟಕ್ಕೆ ಕರೆಂಟು ಹೋದಾಗ ನಾಲ್ವರು ರೋಗಿಗಳು ಮಷಿನ್ನಿನಲ್ಲಿದ್ದರು. ಅವರ ರಕ್ತ ಕೊಳವೆಗಳಲ್ಲಿ ನಿಂತಿತ್ತು. ಪಂಪಿನ ಹಿಡಿಕೆಯನ್ನು ಕೈಯಿಂದಲೇ ತಿರುಗಿಸಿ ಅದನ್ನು ಮೈಗೆ ವಾಪಸ್ಸು ಕಳಿಸಬೇಕು. ಕತ್ತಲು, ದೂಳು. ಮೂವರದು ಮುಗಿಸಿದೆ, ನಾಲ್ಕನೆಯವರ ಬಳಿ ಹೋಗುವಷ್ಟರಲ್ಲಿ ಎರಡನೆಯ ಬಾಂಬು ಬಿತ್ತು ಎಂದಳು.

ಈಗ ಅವಳು ಪಣಜಿಯ ಒಂದು ಸಣ್ಣ ದವಾಖಾನೆಯಲ್ಲಿ ಇಂಜೆಕ್ಷನ್ ಕೊಡುತ್ತಾಳೆ, ಮಷಿನ್ನಿನ ಕೆಲಸ ಮುಟ್ಟುವುದಿಲ್ಲ. ಜೊತೆ ನಡೆಯುವಾಗ ನಾನು ಅವಳ ಬಲಕ್ಕೆ ಇರುತ್ತೇನೆ. ನಾನು ವಾಸ್ಕೋದಲ್ಲೇ ಕೆಲಸ ಹಿಡಿದಿದ್ದೇನೆ. ಹೋದ ವಾರ ನಮ್ಮನ್ನು ಕಳಿಸಿದ್ದ ಏಜೆಂಟು ಫೋನ್ ಮಾಡಿದ್ದ. ಪಕ್ಕದ ದೇಶದಲ್ಲಿ ಮಿಲಿಟರಿ ಆಸ್ಪತ್ರೆ ದೊಡ್ಡದು ಮಾಡಿ ನೂರಾರು ಹಾಸಿಗೆ ಹಾಕುತ್ತಿದ್ದಾರೆ, ಬಹಳ ನರ್ಸ್‌ಗಳು ಬೇಕಂತೆ, ಅರ್ಜೆಂಟಾಗಿ. ಇಷ್ಟೊಂದು ಹಾಸಿಗೆ ಯಾಕೆ ಎಂದು ಕೇಳಿದೆ. ಅದೆಲ್ಲಾ ತನಗೆ ಗೊತ್ತಿಲ್ಲ ಅಂದ. ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಬರುವುದಿಲ್ಲ ಎಂದು ಇನ್ನೂ ಹೇಳಿಲ್ಲ.